ಮಂತ್ರಿಮಂಡಲ ಉರುಳಿಸಿದ ಅಕ್ಕಿ

ಪ್ರಶ್ನೆ: ಜಪಾನೀಯರು ಶಿಸ್ತಿಗೆ ಹೆಸರಾದವರು. ಅಲ್ಲಿ ಜನಸಾಮಾನ್ಯರು ಸರ್ಕಾರದ ವಿರುದ್ಧ ದಂಗೆ ಎದ್ದದ್ದುಂಟೆ?

ಉತ್ತರ: ಧಾರಾಳವಾಗಿ ಉಂಟು. ತೊಕುಗಾವ ಶೋಗನ್‌ಗಳ ಆಳ್ವಿಕೆಯಲ್ಲೇ (1603–1868) ತೆರಿಗೆ, ಬರಗಳಿಂದ ಕಂಗೆಟ್ಟ ರೈತರು ಮತ್ತೆ ಮತ್ತೆ ಬಂಡೆದ್ದಿದ್ದರು. ಆದರೆ ಪ್ರಧಾನಿಯನ್ನೇ ಮನೆಗೆ ಕಳಿಸಿದ್ದು 1918ರ ಅಕ್ಕಿ ದಂಗೆ.

ಅದನ್ನು ಶುರುಮಾಡಿದವರು ಬೆಸ್ತರ ಹೆಂಗಸರು. ತೊಯಾಮ ಪ್ರಾಂತದ ಉಓಜು ಎಂಬ ಕಡಲತಡಿಯ ಊರಿನಲ್ಲಿ ಆ ಜುಲೈ ತಿಂಗಳು ಹೊಕ್ಕೈಡೊಗೆ ಹೊರಟ ಹಡಗಿಗೆ ಅಕ್ಕಿ ತುಂಬಿಸುತ್ತಿದ್ದರು. ಊರಲ್ಲೇ ಅಕ್ಕಿ ತುಟ್ಟಿಯಾಗಿರುವಾಗ ಹೊರಗೆ ಸಾಗಿಸುವುದೇನು ಎಂದು ಹೆಂಗಸರು ದಂಡೆಯಲ್ಲಿ ಗುಂಪುಗೂಡಿ ಅಡ್ಡನಿಂತರು. ಮೂಟೆ ಏರಿಸುವುದು ನಿಂತಿತು.

ಬೆಲೆ ಏರಿದ್ದೇಕೆ? ಮೊದಲ ಮಹಾಯುದ್ಧದ ವ್ಯಾಪಾರದಿಂದ ಕೆಲವರು ದಿಢೀರ್ ಸಿರಿವಂತರಾದರು; ಕೂಲಿಯವರ ಸಂಬಳ ಮಾತ್ರ ಬೆಲೆಯ ಹಿಂದೆಯೇ ಕುಂಟಿತು. ಸೈಬೀರಿಯಾಕ್ಕೆ ಸೇನೆ ಹೊರಡುವ ಸುದ್ದಿ ಹಬ್ಬಿದ್ದೇ ತಡ, ಸೇನೆಗೆ ಅಕ್ಕಿ ಬೇಕಾಗಿ ಬೆಲೆ ಇನ್ನೂ ಏರುತ್ತದೆಂದು ವರ್ತಕರು ದಾಸ್ತಾನು ಅಡಗಿಸಿಟ್ಟರು.

ಆಗಸ್ಟ್‌ನಲ್ಲಿ ಕಿಚ್ಚು ಕ್ಯೋಟೊ, ನಗೋಯ, ಒಸಾಕಗಳಿಗೂ ಕಲ್ಲಿದ್ದಲು ಗಣಿಗಳಿಗೂ ಹರಡಿತು. ಕೋಬೆಯಲ್ಲಿ ಸುಜುಕಿ ಶೋತೆನ್ ವ್ಯಾಪಾರ ಸಂಸ್ಥೆಯ ಕಚೇರಿಗೆ ಜನ ಬೆಂಕಿಯಿಟ್ಟರು. ಸರ್ಕಾರ ಸೈನಿಕರನ್ನು ಇಳಿಸಿತು, ಪತ್ರಿಕಾ ವರದಿಗಳಿಗೆ ತಡೆಹಾಕಿತು, ಸಾವಿರಾರು ಜನರನ್ನು ಬಂಧಿಸಿತು. ಆದರೂ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ತೆರೌಚಿ ಮಸತಾಕೆ ರಾಜೀನಾಮೆ ಕೊಡಬೇಕಾಯಿತು. ಅವರ ಜಾಗಕ್ಕೆ ಬಂದ ಹರ ತಕಾಶಿ, ಶ್ರೀಮಂತ ಬಿರುದಿಲ್ಲದ ಮೊದಲ ಪ್ರಧಾನಿ.

ಜಪಾನಿಗೆ ಅಗ್ಗದ ಅಕ್ಕಿ ಒದಗಿಸಲು ಮುಂದೆ ವಸಾಹತು ಕೊರಿಯಾ, ತೈವಾನ್‌ಗಳಲ್ಲಿ ಬೇಸಾಯ ಹೆಚ್ಚಿಸಲಾಯಿತು. ಜಪಾನಿನ ಬಡವರು ಗೆದ್ದದ್ದರ ಬೆಲೆಯನ್ನು ಕೊರಿಯಾದ ಬಡವರು ತೆತ್ತರು.