ಬಿಸಿಲೇರಿದ ಹಿಮ

ಕೃಷ್ಣೆಯ ಬಯಲಿನ ಶೇಡಬಾಳದವರಿಗೆ ಹಿಮದ ಮಾತು ಏಕೆಂದು ತಾವು ಕೇಳಬಹುದು. ಆದರೆ ಬೆಳಗಾವಿ, ಧಾರವಾಡ ಜಿಲ್ಲೆಗಳ ಎಷ್ಟೋ ಮನೆಗಳ ಮಕ್ಕಳು ಸೈನ್ಯದಲ್ಲಿದ್ದಾರೆ. ಬೇಸಿಗೆಯ ರಜೆಯಲ್ಲಿ ಹಿಮಾಲಯಕ್ಕೆ ಹೊರಡುವವರೂ ಈಗ ಕಡಿಮೆಯಲ್ಲ. ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರನ್ನು ತಾವು ಮರೆತಿರಲಾರಿರಿ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣ್ಯದಲ್ಲಿ, 10 ಜನ ಯೋಧರು ಹಿಮದಡಿ ಹೂತುಹೋದರು. ದಿನಗಳು ಕಳೆದ ಮೇಲೆ ಅವರೊಬ್ಬರೇ ಜೀವಂತ ಸಿಕ್ಕರು. 11ರಂದು ದಿಲ್ಲಿಯಲ್ಲಿ ತೀರಿಕೊಂಡರು. ಅಲ್ಲಿ ಕಳಚಿ ಬಿದ್ದುದು ಮಂಜುಗಡ್ಡೆಯ ಗೋಡೆ, ಅದೂ ಕಡುಚಳಿಯಲ್ಲಿ. ವಸಂತದ ಕುಸಿತದ ರೀತಿ ಬೇರೆ.

ಗುಡ್ಡದ ಮೇಲಿನ ಹಿಮ ಒಂದೇ ಮುದ್ದೆಯಲ್ಲ. ಒಂದೊಂದು ಸಲ ಬಿದ್ದುದು ಒಂದೊಂದು ಪದರ, ನಮ್ಮ ಕೌದಿಯಂತೆ. ಕೌದಿಯನ್ನು ಹೊಲಿಗೆ ಹಿಡಿದಿರುತ್ತದೆ. ಹಿಮವನ್ನು ಹಿಡಿದಿರುವುದು ಕಣಕಣಗಳ ಬೆಸುಗೆ. ಚಳಿಗಾಲದಲ್ಲಿ ಒಳಗಿನ ಕೆಲವು ಪದರ ಹರಳುಗಟ್ಟುತ್ತವೆ. ಉಗಾರದ ಕಾರ್ಖಾನೆಯ ಸಕ್ಕರೆಯನ್ನು ಮುಷ್ಟಿಯಲ್ಲಿ ಹಿಡಿದು ನೋಡಿರಿ, ಉಂಡೆಯಾಗುವುದಿಲ್ಲ. ಆ ಹರಳೂ ಹಾಗೆಯೇ. ಅದರ ಮೇಲೆ ಗಟ್ಟಿ ಹಿಮದ ಭಾರ. ಮಾರ್ಚ್, ಏಪ್ರಿಲ್ ಬಿಸಿಲಿಗೆ ಮೇಲ್ಪದರ ಕರಗಿ ನೀರು ಒಳಗಿಳಿದರೆ ಇದ್ದ ಹಿಡಿತವೂ ಸಡಿಲುತ್ತದೆ. ಮಳೆ ಬಂದರಂತೂ ಕೇಳುವುದೇ ಬೇಡ.

30ರಿಂದ 45 ಅಂಶದ ಇಳಿಜಾರಿನಲ್ಲಿ ಅಪಾಯ ಹೆಚ್ಚು. ಇನ್ನೂ ಕಡಿದಾದಲ್ಲಿ ಹಿಮ ದಪ್ಪವಾಗಿ ನಿಲ್ಲುವುದೇ ಅಪರೂಪ. ಹೀಗಾಗಿ ಹತ್ತಬಹುದೆಂದು ತೋರುವ ಇಳಿಜಾರೇ ಮೋಸದ್ದು. ಅದರ ಬುಡದ ಸಪಾಟು ದಾರಿಯೂ ನಂಬಿಕೆಗೆ ಯೋಗ್ಯವಲ್ಲ.

ರಾತ್ರಿಯ ಆಕಾಶವನ್ನು ನೋಡಬೇಕು. ನಿರ್ಮಲವಾಗಿದ್ದರೆ ಹಿಮ ಮರಳಿ ಹೆಪ್ಪುಗಟ್ಟಿ ಬೆಳಗಿನವರೆಗೆ ಗಟ್ಟಿಯಾಗಿರುತ್ತದೆ. ಮೋಡ ಕವಿದಿದ್ದರೆ ಹಾಗಾಗದು. ಅನುಭವಿಗಳು ನಸುಕಿನಲ್ಲೇ ಹೊರಟು ಬಿಸಿಲೇರುವ ಮೊದಲು ಇಳಿಜಾರು ದಾಟುತ್ತಾರೆ. ಪೂರ್ವದ ಮೈ ಮೊದಲು ಸಡಿಲುತ್ತದೆ, ಆಮೇಲೆ ದಕ್ಷಿಣದ್ದು, ಮಧ್ಯಾಹ್ನದ ಮೇಲೆ ಪಶ್ಚಿಮದ್ದು. ಕಾಲು ಮೊಣಕಾಲಿನವರೆಗೆ ಹುಗಿಯುವುದು, ಹಿಮದ ಉಂಡೆಗಳು ತಾವಾಗಿ ಉರುಳುವುದು, ಕಾಲಡಿ ‘ಧಪ್’ ಎಂದು ಕುಸಿದ ಸದ್ದು: ಇಂಥವನ್ನು ಕಂಡು ಕೇಳಿದವರು ಹಿಂತಿರುಗುವುದೇ ಲೇಸು. ಚಂಡೀಗಡದಲ್ಲಿರುವ ರಕ್ಷಣಾ ಸಂಶೋಧನಾಲಯವೊಂದು ಹಿಮಕುಸಿತದ ಮುನ್ಸೂಚನೆ ಹೊರಡಿಸುತ್ತದೆ. ಹೊರಡುವ ಮುನ್ನ ಅದನ್ನು ವಿಚಾರಿಸಿರಿ.

ಮುನ್ಸೂಚನೆಯಷ್ಟೇ ನಿರ್ಬಂಧಕ್ಕೂ ಬೆಲೆ ಕೊಡಬೇಕು. 2023ರ ಏಪ್ರಿಲ್ 4ರಂದು ಸಿಕ್ಕಿಮಿನ ನಾಥೂಲಾ ರಸ್ತೆಯಲ್ಲಿ 7 ಪ್ರವಾಸಿಗಳು ಹಿಮಕ್ಕೆ ಬಲಿಯಾದರು. ಅಂದು ಪರವಾನಗಿ ಇದ್ದುದು 13ನೆಯ ಮೈಲಿನವರೆಗೆ. ಅನಾಹುತವಾದದ್ದು 15ನೆಯ ಮೈಲಿನಲ್ಲಿ.

ಹಿಮದಡಿ ಸಿಕ್ಕವರನ್ನು ಹತ್ತು ನಿಮಿಷದೊಳಗೆ ತೆಗೆದರೆ ಬಹುಮಂದಿ ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಉಳಿಯುವವರು ಕೆಲವರೇ. ಊರಿನಿಂದ ಸಹಾಯ ಬರುವವರೆಗೆ ಕಾಯುವಂತಿಲ್ಲ, ಜೊತೆಯವರೇ ಅಗೆಯಬೇಕು. ವಸಂತದ ಒದ್ದೆ ಹಿಮ ಹರಿದು ನಿಂತ ಕೂಡಲೇ ಗಾರೆಯಂತೆ ಬಿಗಿಯುತ್ತದೆ. ಬರಿಗೈಗೆ ಅದು ಬಗ್ಗದು, ಪ್ರತಿಯೊಬ್ಬರ ಬೆನ್ನಚೀಲದಲ್ಲೂ ಒಂದು ಸಲಿಕೆ ಇರಬೇಕು.