ತಂತಿಯೋ, ದ್ರವವೋ?

ಕಾರಿನ ಕ್ಲಚ್ ಪೆಡಲನ್ನು ಒತ್ತಿದಾಗ ನಿಮ್ಮ ಕಾಲು ಮುಟ್ಟುವುದು ಪೆಡಲನ್ನು ಮಾತ್ರ. ಕ್ಲಚ್ ಇರುವುದು ದೂರದಲ್ಲಿ, ಎಂಜಿನ್ನಿಗೂ ಗೇರ್ ಪೆಟ್ಟಿಗೆಗೂ ನಡುವೆ, ಲೋಹದ ಗೂಡೊಂದರ ಒಳಗೆ. ಕಾಲಿನ ಬಲವನ್ನು ಅಲ್ಲಿಗೆ ಯಾರಾದರೂ ಹೊತ್ತೊಯ್ಯಬೇಕು. ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಈ ಕೆಲಸಕ್ಕೆ ಮುಖ್ಯವಾಗಿ ಇಬ್ಬರು ಆಳುಗಳು: ಒಬ್ಬ ಉಕ್ಕಿನ ತಂತಿ, ಇನ್ನೊಬ್ಬ ಕೊಳವೆಯಲ್ಲಿ ತುಂಬಿದ ದ್ರವ. 1962ರಲ್ಲಿ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಿಂದ ಹೊರಬಂದ ಎಂಜಿಬಿ ಕಾರು ದ್ರವವನ್ನು ನೆಚ್ಚಿಕೊಂಡಿತು. 1964ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ತಯಾರಿಕೆ ಆರಂಭವಾದ ಪೋರ್ಷೆ 911 ತಂತಿಯನ್ನು ನೆಚ್ಚಿಕೊಂಡಿತು. 1986ರ ಮಾದರಿಯವರೆಗೂ ಅದನ್ನು ಬಿಡಲಿಲ್ಲ. ಎಂಜಿಬಿ ಅಗ್ಗದ ಕಾರು, 911 ದುಬಾರಿ ಕಾರು. ದ್ರವವೇ ಮೇಲು ಎನ್ನುವುದಾದರೆ ದುಬಾರಿ ಕಾರು ಇಪ್ಪತ್ತೆರಡು ವರ್ಷ ತಂತಿಗೆ ಏಕೆ ಜೋತುಬಿತ್ತು? ಈ ಪ್ರಶ್ನೆಯನ್ನು ಕಾಗದ, ಪೆನ್ಸಿಲ್ ಹಿಡಿದೇ ಬಿಡಿಸೋಣ. ಪರದೆಯ ಮೇಲೆ ಲೆಕ್ಕ ಮಾಡಲು ಕುಳಿತರೆ ನೀವು ಎದ್ದು ಹೋಗುತ್ತೀರಿ. ಪುಟದ ಮೇಲೆ ಆ ಭಯವಿಲ್ಲ.

ಮೊದಲು ಕ್ಲಚ್ಚಿನ ಕೆಲಸ ನೋಡಿ. ಎಂಜಿನ್ ತಿರುಗಿಸುವ ಭಾರವಾದ ಚಕ್ರ, ಅಂದರೆ ಫ್ಲೈವೀಲ್. ಅದಕ್ಕೆ ಅಂಟಿದಂತೆ ಒಂದು ತಟ್ಟೆ. ಬಲವಾದ ಸ್ಪ್ರಿಂಗ್ ಆ ತಟ್ಟೆಯನ್ನು ಫ್ಲೈವೀಲಿಗೆ ಅದುಮಿ ಹಿಡಿದಿರುತ್ತದೆ. ಪೆಡಲ್ ಒತ್ತಿದಾಗ ಒಂದು ಬೇರಿಂಗ್ ಸರಿದು ಸ್ಪ್ರಿಂಗಿನ ಹಿಡಿತವನ್ನು ಬಿಡಿಸುತ್ತದೆ, ತಟ್ಟೆ ಸ್ವತಂತ್ರವಾಗುತ್ತದೆ. ತಟ್ಟೆಯ ಎರಡು ಬದಿಯಲ್ಲಿ ಬಿಡುವ ಸಂದು ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಆದ್ದರಿಂದ ಪೆಡಲಿನ ಚಲನೆಯಲ್ಲಿ ಕೊನೆಯ ಒಂದೆರಡು ಮಿ.ಮೀ. ಅಲ್ಲಿಗೆ ತಲುಪದೆ ಹೋದರೆ ತಟ್ಟೆ ಪೂರ್ತಿ ಬಿಡದೆ ಉಜ್ಜುತ್ತಲೇ ತಿರುಗುತ್ತದೆ. ಗೇರ್ ಬದಲಾಯಿಸುವಾಗ ಕರಕರ ಸದ್ದು ಬರುವುದು ಆಗಲೇ. ಗೇರುಗಳ ವೇಗವನ್ನು ಹೊಂದಿಸುವ ಹಿತ್ತಾಳೆ ಅಥವಾ ಉಕ್ಕಿನ ಉಂಗುರಗಳು ಸವೆಯತೊಡಗುತ್ತವೆ. ಹಳೆಯ ಕಾರಿನಲ್ಲಿ ಗೇರ್ ಪೆಟ್ಟಿಗೆ ಬಿಚ್ಚಿ ಅವನ್ನು ಬದಲಿಸುವುದು ಎಂದರೆ ಜೇಬು ಬರಿದಾದಂತೆ. ತಂತಿ, ದ್ರವಗಳ ಜಗಳವೆಲ್ಲ ಈ ಒಂದೆರಡು ಮಿ.ಮೀ. ಬಗ್ಗೆಯೇ.

ತಂತಿಯನ್ನು ನೀವು ಬಲ್ಲಿರಿ. ಸೈಕಲ್ಲಿನ ಬ್ರೇಕಿನಲ್ಲಿ, ಮೋಟಾರ್ ಸೈಕಲ್ಲಿನ ಎಡಗೈ ಹಿಡಿಯಲ್ಲಿ ಇರುವುದು ಅದೇ. ಹೊರಗೆ ಸುರುಳಿಯ ಕವಚ, ಒಳಗೆ ಹೊಸೆದ ಉಕ್ಕಿನ ಎಳೆಗಳು. ಇದಕ್ಕೆ 1896ರಲ್ಲಿ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದವರು ಅರ್ನೆಸ್ಟ್ ಮನ್ನಿಂಗ್ಟನ್ ಬೌಡನ್. (ರ್‍ಯಾಲಿ ಸೈಕಲ್ ಕಂಪನಿಯ ಫ್ರಾಂಕ್ ಬೌಡನ್ ಬೇರೆಯವರು, ಹೆಸರು ಒಂದೇ ಆದ್ದರಿಂದ ಅನೇಕರು ಗೊಂದಲಕ್ಕೆ ಬೀಳುತ್ತಾರೆ.) ಬೌಡನ್ ಕೇಬಲ್ಲಿನ ಸೊಗಸು ಏನೆಂದರೆ, ಅದು ಬಾಗಿದ ದಾರಿಯಲ್ಲೂ ಎಳೆಯಬಲ್ಲದು. ಆದರೆ ಪ್ರತಿ ಬಾಗಿಗೂ ಸುಂಕ ಕಟ್ಟಬೇಕು.

ಆ ಸುಂಕ ಎಷ್ಟು? ಘರ್ಷಣಾ ಗುಣಾಂಕವನ್ನು ಬಾಗಿನ ಒಟ್ಟು ಕೋನದಿಂದ ಗುಣಿಸಿ, ಕೋನ ರೇಡಿಯನ್‌ಗಳಲ್ಲಿರಲಿ. ಬಂದ ಸಂಖ್ಯೆಯನ್ನು 2.718ಕ್ಕೆ ಘಾತವಾಗಿ ಕೊಡಿ. ಚೆನ್ನಾಗಿ ಗ್ರೀಸ್ ಹಚ್ಚಿದ ತಂತಿಯ ಗುಣಾಂಕ 0.1 ಎಂದುಕೊಳ್ಳಿ. ಬಾಗುಗಳೆಲ್ಲ ಸೇರಿ 90 ಡಿಗ್ರಿಯಾದರೆ ಉತ್ತರ 1.17. ಅಂದರೆ ಆ ತುದಿಯಲ್ಲಿ 100 ಕೆ.ಜಿ. ಬಲ ಬೇಕಿದ್ದರೆ ಈ ತುದಿಯಲ್ಲಿ 117 ಕೆ.ಜಿ. ಎಳೆಯಬೇಕು. ಬಾಗು 180 ಡಿಗ್ರಿಯಾದರೆ 137. ಇನ್ನು ಗ್ರೀಸ್ ಒಣಗಿ, ತುಕ್ಕು ಹಿಡಿದು ಗುಣಾಂಕ 0.2 ಆಯಿತೆನ್ನಿ, ಅದೇ 180 ಡಿಗ್ರಿಗೆ ಈಗ 187! ಸುಮಾರು ದುಪ್ಪಟ್ಟು. ಹಳೆಯ ಕಾರಿನ ಕ್ಲಚ್ ಕಲ್ಲಿನಂತೆ ಗಟ್ಟಿಯಾಗಿದೆ ಎಂದು ದೂರುವವರು ಈ ಲೆಕ್ಕವನ್ನೊಮ್ಮೆ ಮಾಡಿ ನೋಡಬೇಕು. ಬಾಗು ಎಷ್ಟು ಕಿರಿದು, ಎಷ್ಟು ಅಗಲ ಎಂಬುದು ಈ ಸೂತ್ರದಲ್ಲಿ ಬರುವುದೇ ಇಲ್ಲ, ಒಟ್ಟು ಕೋನ ಮಾತ್ರ ಲೆಕ್ಕಕ್ಕೆ ಬರುತ್ತದೆ. ಕಿರಿದಾದ ಬಾಗಿನಲ್ಲಿ ಎಳೆಗಳು ಬೇಗ ತುಂಡಾಗುತ್ತವೆ ಎಂಬುದು ಬೇರೆ ಮಾತು.

ತಂತಿ ಹಿಗ್ಗುವುದೂ ಉಂಟು. 2 ಮೀಟರ್ ಉದ್ದದ, 4 ಚದರ ಮಿ.ಮೀ. ಲೋಹವಿರುವ ತಂತಿಯನ್ನು 50 ಕೆ.ಜಿ. ಬಲದಿಂದ ಎಳೆದರೆ, ಹೊಸೆದ ತಂತಿಯ ಯಂಗ್ ಗುಣಾಂಕವನ್ನು ಚದರ ಮಿ.ಮೀ.ಗೆ 10,000 ಕೆ.ಜಿ. ಎಂದಿಟ್ಟುಕೊಂಡರೂ, ಸುಮಾರು 2.5 ಮಿ.ಮೀ. ಹಿಗ್ಗುತ್ತದೆ. ನಮ್ಮ ಅಮೂಲ್ಯ ಮಿಲಿಮೀಟರುಗಳು ಹೋಗುವ ಒಂದು ದಾರಿ ಇದು.

ಹಾಗಾದರೆ ಘರ್ಷಣೆ ಶತ್ರುವೇ? ಪೂರ್ತಿ ಅಲ್ಲ. ಪೋರ್ಷೆ ಕಾರುಗಳ ಹಿರಿಯ ಬಂಧುವಾದ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ ಕ್ಲಚ್ ಕೇಬಲ್ಲಿನ ಕವಚವನ್ನು ಬೇಕೆಂದೇ 25ರಿಂದ 45 ಮಿ.ಮೀ. ಜೋಲುವಂತೆ ಕೂರಿಸಬೇಕು. ಜೋಲು ಕಡಿಮೆಯಾದರೆ ಕ್ಲಚ್ ಗಕ್ಕನೆ ಹಿಡಿದು ಕಾರು ನಡುಗುತ್ತದೆ; ಹೆಚ್ಚಾದರೆ ಪೆಡಲ್ ಬಿಗಿಯಾಗಿ ತಂತಿ ಬೇಗ ಹರಿಯುತ್ತದೆ. ಕಾಲನ್ನು ಸ್ವಲ್ಪ ಒರಟಾಗಿ ಎತ್ತಿದರೂ ಅದನ್ನು ಮೆದುಗೊಳಿಸಲು ಒಂದಿಷ್ಟು ಘರ್ಷಣೆಯನ್ನು ಬಳಸಿಕೊಂಡ ಉಪಾಯವಿದು. ನನಗಂತೂ ಆ ಕಾರಿನಲ್ಲಿ ಅತ್ಯಂತ ಮೆಚ್ಚಿಗೆಯಾದ ವಿವರ.

ಈಗ ದ್ರವದ ಕಡೆ ಬನ್ನಿ. ಬ್ಲೇಸ್ ಪಾಸ್ಕಲನ ನಿಯಮ ನಿಮಗೆ ಪಾಠವಾಗಿರಬೇಕು: ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಎರಡು ಸಿರಿಂಜುಗಳನ್ನೂ ಒಂದು ಡ್ರಿಪ್ ನಳಿಕೆಯನ್ನೂ ತಂದು (ಸೂಜಿ ಬೇಡ) ನೀರು ತುಂಬಿ ಜೋಡಿಸಿ. ಒಂದನ್ನು ಒತ್ತಿದರೆ ಇನ್ನೊಂದು ಮೇಲೇಳುತ್ತದೆ. ನಳಿಕೆಯನ್ನು ಎಷ್ಟು ಸುತ್ತಿದರೂ, ನಿಧಾನವಾಗಿ ಒತ್ತಿದಾಗ, ಬಲದಲ್ಲಿ ವ್ಯತ್ಯಾಸ ಕಾಣದು. ಬಾಗಿಗೆ ಇಲ್ಲಿ ಸುಂಕವಿಲ್ಲ.

ಕಾರಿನಲ್ಲಿ ಪೆಡಲಿನ ಬಳಿ ಇರುವುದು ಮಾಸ್ಟರ್ ಸಿಲಿಂಡರ್, ಕ್ಲಚ್ಚಿನ ಬಳಿ ಇರುವುದು ಸ್ಲೇವ್ ಸಿಲಿಂಡರ್. ಮಾಸ್ಟರ್ ವ್ಯಾಸ 20 ಮಿ.ಮೀ., ಸ್ಲೇವ್ ವ್ಯಾಸ 25 ಮಿ.ಮೀ. ಎಂದಿಟ್ಟುಕೊಳ್ಳೋಣ. ಪೆಡಲಿನ ಸನ್ನೆ ಐದು ಪಟ್ಟಿನದು. ಕಾಲಿನಿಂದ 10 ಕೆ.ಜಿ. ಒತ್ತಿದರೆ ಮಾಸ್ಟರಿಗೆ 50 ಕೆ.ಜಿ., ಸ್ಲೇವಿನಲ್ಲಿ 78 ಕೆ.ಜಿ. ಆದರೆ ಪ್ರಕೃತಿ ಪುಕ್ಕಟೆ ಏನನ್ನೂ ಕೊಡುವುದಿಲ್ಲ: ಪೆಡಲ್ 150 ಮಿ.ಮೀ. ಇಳಿದರೆ ಮಾಸ್ಟರ್ 30 ಮಿ.ಮೀ., ಸ್ಲೇವ್ 19 ಮಿ.ಮೀ. ಮಾತ್ರ ಸರಿಯುತ್ತದೆ.

ಎಂಜಿಬಿಗೆ ದ್ರವ ಏಕೆ ಹೊಂದಿತು ಎಂಬುದು ಈಗ ಸ್ಪಷ್ಟ. ಅದರ ಎಂಜಿನ್ ಮುಂದೆ. ಪೆಡಲ್, ಸ್ಟೀಯರಿಂಗ್ ಕಂಬ, ಬಿಸಿ ಸೂಸುವ ಹೊಗೆಕೊಳವೆ ಎಲ್ಲ ಒತ್ತೊತ್ತಾಗಿ ಇರುವ ಜಾಗದಲ್ಲಿ ದಾರಿ ಮಾಡಬೇಕು. ಐದು ಲಕ್ಷಕ್ಕೂ ಮೀರಿ ತಯಾರಾದ ಆ ಕಾರುಗಳಲ್ಲಿ ಬಹುಪಾಲು ಹೋದದ್ದು ಅಮೆರಿಕಕ್ಕೆ. ಅಲ್ಲಿ ಸ್ಟೀಯರಿಂಗ್ ಎಡಗಡೆ, ಇಂಗ್ಲೆಂಡಿನಲ್ಲಿ ಬಲಗಡೆ. ದ್ರವದ ಕೊಳವೆಯನ್ನು ಎತ್ತ ಬೇಕಾದರೂ ಬಾಗಿಸಬಹುದು. ರಬ್ಬರಿನ ಮೇಲೆ ಕುಳಿತ ಎಂಜಿನ್ ಅಲುಗಿದರೂ ಕೊನೆಯ ರಬ್ಬರ್ ಕೊಳವೆ ಅದನ್ನು ಸಹಿಸಿಕೊಳ್ಳುತ್ತದೆ.

ದ್ರವದ ವೈರಿ ಗಾಳಿ. ಮೇಲಿನ ಲೆಕ್ಕದಲ್ಲಿ ಕೊಳವೆಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 16 ಕೆ.ಜಿ. ಒಳಗೆ 1 ಮಿ.ಲೀ. ಗಾಳಿಗುಳ್ಳೆ ಉಳಿದಿದ್ದರೆ ಅದು ಹದಿನೇಳನೆಯ ಒಂದು ಭಾಗಕ್ಕೆ ಕುಗ್ಗುತ್ತದೆ. ಅಷ್ಟು ದ್ರವ ಗುಳ್ಳೆಯನ್ನು ಹಿಸುಕುವುದಕ್ಕೇ ಖರ್ಚು. ಸ್ಲೇವಿನ 19 ಮಿ.ಮೀ.ನಲ್ಲಿ ಸುಮಾರು 2 ಮಿ.ಮೀ. ಮಾಯ! ತಂತಿ ಹಿಗ್ಗಿ ಕಳೆದದ್ದೂ ಹೆಚ್ಚುಕಡಿಮೆ ಇಷ್ಟೇ ಎಂಬುದನ್ನು ಗಮನಿಸಿ. ಗ್ಯಾರೇಜಿನಲ್ಲಿ 'ಬ್ರೇಕ್ ಆಯಿಲ್' ಎನ್ನುವ ಈ ದ್ರವ ಎಣ್ಣೆಯೇ ಅಲ್ಲ, ಸಾಮಾನ್ಯವಾಗಿ ಗ್ಲೈಕಾಲ್ ಜಾತಿಯದು. ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಹಳೆಯ ಕಾರುಗಳಲ್ಲಿ ಆ ತೇವ ಸಿಲಿಂಡರನ್ನು ಒಳಗಿನಿಂದ ತಿನ್ನುತ್ತದೆ, ರಬ್ಬರ್ ಸೀಲು ಸೋರತೊಡಗುತ್ತದೆ, ಒಂದು ದಿನ ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಕೂರುತ್ತದೆ. ಕಾರಿನ ಬಣ್ಣದ ಮೇಲೆ ಚೆಲ್ಲಿದರೆ ಬಣ್ಣವೂ ಏಳುತ್ತದೆ.

ಇನ್ನೊಂದು ವ್ಯತ್ಯಾಸವಿದೆ, ಇದರಲ್ಲಿ ಅನುಭವಿಗಳೂ ಎಡವುತ್ತಾರೆ. ಕ್ಲಚ್ ತಟ್ಟೆ ಸವೆದಂತೆ ಪೆಡಲಿನ ಆಟ, ಅಂದರೆ ಬಲವಿಲ್ಲದ ಮೊದಲ ಸಡಿಲ ಚಲನೆ, ಹೆಚ್ಚುತ್ತದೆ ಎಂದು ಎಣಿಸುತ್ತಾರೆ. ಆಗುವುದು ಇದರ ವಿರುದ್ಧ. ಹೆಚ್ಚಿನ ಕಾರುಗಳಲ್ಲಿ ತಟ್ಟೆ ತೆಳ್ಳಗಾದಂತೆ ಸ್ಪ್ರಿಂಗಿನ ಬೆರಳುಗಳು ಬೇರಿಂಗಿನ ಕಡೆಗೆ ಸರಿಯುತ್ತವೆ, ಆಟ ಕಡಿಮೆಯಾಗುತ್ತದೆ. ಆಟ ಶೂನ್ಯವಾದರೆ ಬೇರಿಂಗ್ ಸದಾ ಸ್ಪ್ರಿಂಗನ್ನು ಒತ್ತುತ್ತಾ ಕ್ಲಚ್ ಜಾರತೊಡಗುತ್ತದೆ. ಆಟ ಹೆಚ್ಚುವುದು ತಂತಿ ಕಾಲಕ್ರಮದಲ್ಲಿ ಸಡಿಲಗೊಂಡಾಗ. ಹೀಗೆ ಕೇಬಲ್ ಕಾರಿನಲ್ಲಿ ಆಗಾಗ ಅಳತೆ ನೋಡಿ ಸ್ಕ್ರೂ ತಿರುಗಿಸಲೇಬೇಕು. ದ್ರವದ ಕಾರಿನಲ್ಲಿ ಸ್ಲೇವ್ ಪಿಸ್ಟನ್ ತಾನೇ ಹಿಂದೆ ಸರಿದು ಹೆಚ್ಚಾದ ದ್ರವವನ್ನು ಮೇಲಿನ ಡಬ್ಬಿಗೆ ವಾಪಸು ಕಳಿಸುತ್ತದೆ, ಹೊಂದಾಣಿಕೆ ತಾನಾಗಿಯೇ ನಡೆಯುತ್ತದೆ. ಅನುಕೂಲವೇ ಸರಿ. ಆದರೆ ಸವೆತದ ಸುದ್ದಿಯೂ ಚಾಲಕನಿಗೆ ತಲುಪುವುದಿಲ್ಲ.

911ರ ಕತೆಗೆ ಮರಳೋಣ. ಅದರ ಎಂಜಿನ್ ಹಿಂದಿನ ಚಕ್ರಗಳಿಗಿಂತಲೂ ಹಿಂದೆ. ಪೆಡಲಿನಿಂದ ಕ್ಲಚ್ಚಿಗೆ ದಾರಿ ದೂರ, ಆದರೆ ಕಾರಿನ ನಡುವಿನ ಸುರಂಗದಲ್ಲಿ ಬಹುತೇಕ ನೇರ. ಬಾಗು ಕಡಿಮೆ, ಸುಂಕ ಕಡಿಮೆ. ಬೀಟಲ್, ನಂತರ ಪೋರ್ಷೆ 356, ಎರಡರಲ್ಲೂ ನಡೆದುಬಂದ ಪದ್ಧತಿಯೇ ಇದು. 1964ರ 2 ಲೀಟರ್ ಎಂಜಿನ್ನಿನ 130 ಅಶ್ವಶಕ್ತಿಗೆ ತಂತಿ ಧಾರಾಳವಾಗಿ ಸಾಕಾಗಿತ್ತು. ತೊಂದರೆ ಬಂದದ್ದು ಶಕ್ತಿ ಏರಿದಾಗ. 1975ರ ಟರ್ಬೊ ಮಾದರಿಗೆ 260, 1978ರಲ್ಲಿ 300 ಅಶ್ವಶಕ್ತಿ. ಹೆಚ್ಚು ತಿರುಚುಬಲ ದಾಟಿಸಲು ಸ್ಪ್ರಿಂಗ್ ಹೆಚ್ಚು ಬಿಗಿಯಾಗಿ ಅದುಮಬೇಕು, ಆ ಬಿಗಿಯನ್ನು ಕಾಲೇ ಸೋಲಿಸಬೇಕು. ಎಪ್ಪತ್ತರ ದಶಕದ ಕೊನೆಗೆ 911ರ ಕ್ಲಚ್ ಸನ್ನೆಗೆ ಕಾಲಿಗೆ ನೆರವಾಗುವ ಒಂದು ಸ್ಪ್ರಿಂಗ್ ಸೇರಿಸಿದರು. ಕಡೆಗೆ 1987ರ ಮಾದರಿಯಲ್ಲಿ ಜಿ50 ಎಂಬ ಹೊಸ ಗೇರ್ ಪೆಟ್ಟಿಗೆಯೊಂದಿಗೆ ದ್ರವದ ಕ್ಲಚ್ ಬಂತು. ವಿಚಿತ್ರವೆಂದರೆ, ದ್ರವ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದ ಟರ್ಬೊಗೆ ಅದು ದೊರೆತದ್ದು ಕೊನೆಗೆ, 1989ರ ಮಾದರಿಯಲ್ಲಿ.

ತಂತಿಯ 911ಗೆ ದ್ರವದ ಕ್ಲಚ್ ಕೂರಿಸಿಕೊಳ್ಳುವವರಿದ್ದಾರೆ. ಎಂಜಿನ್ ಶಕ್ತಿಯನ್ನು ಬಹಳ ಏರಿಸಿದ್ದರೆ ಅದು ನ್ಯಾಯ. ಇಲ್ಲದಿದ್ದರೆ ಮೊದಲು ತುಕ್ಕು, ಒಣ ಗ್ರೀಸ್, ಸವೆದ ಪೆಡಲ್ ಬುಷ್‌ಗಳನ್ನು ನೋಡಲಿ ಎಂಬುದು ನನ್ನ ಮಾತು. ತಂತಿ ಹರಿಯುವ ಮುನ್ನ ಎಳೆ ಎಳೆಯಾಗಿ ತುಂಡಾಗುತ್ತಾ ಹಲವು ಸಲ ಪೆಡಲ್ ಬಿಗಿಯಾಗುವ ಮೂಲಕ ಎಚ್ಚರಿಸುತ್ತದೆ. ಬದಲಿ ತಂತಿಯನ್ನು ಸುರುಳಿ ಸುತ್ತಿ ಡಿಕ್ಕಿಯಲ್ಲಿ ಇಟ್ಟುಕೊಳ್ಳಲೂಬಹುದು. ದ್ರವದ ಕಾರಿನವರು ಡಬ್ಬಿಯ ಮಟ್ಟವನ್ನು ನೋಡಿಕೊಳ್ಳಬೇಕು, ಹಳೆಯ ದ್ರವವನ್ನು ಕಾಲಕಾಲಕ್ಕೆ ಹೊರತೆಗೆದು ಹೊಸದನ್ನು ತುಂಬಬೇಕು. ಹಳೆಯ ಕಾರುಗಳ ಪ್ರದರ್ಶನಕ್ಕೆ ಹೋದಾಗ ಎಂಜಿಬಿ ಸಿಕ್ಕರೆ ಬಾನೆಟ್ ತೆರೆಸಿ, ಪೆಡಲುಗಳ ನೇರಕ್ಕೆ ನೋಡಿ. ಅಕ್ಕಪಕ್ಕದಲ್ಲಿ ಎರಡು ಡಬ್ಬಿಗಳಿರುತ್ತವೆ: ಒಂದು ಬ್ರೇಕಿನದು, ಇನ್ನೊಂದು ಕ್ಲಚ್ಚಿನದು.