ಆರು ದಬ್ಬೆಗಳ ಗಾಳದ ಕೋಲು

ಎವರೆಟ್ ಗ್ಯಾರಿಸನ್ ವೃತ್ತಿಯಿಂದ ಸ್ಟ್ರಕ್ಚರಲ್ ಎಂಜಿನಿಯರ್. ಯಾವ ತೊಲೆ ಎಷ್ಟು ಭಾರ ತಡೆಯುತ್ತದೆ, ಎಲ್ಲಿ ಬಾಗುತ್ತದೆ, ಎಷ್ಟು ಬಾಗಿದರೆ ಮುರಿಯುತ್ತದೆ ಎಂಬ ಲೆಕ್ಕ ಅವರಿಗೆ ನಿತ್ಯದ ಕೆಲಸ. ನ್ಯೂಯಾರ್ಕ್ ರಾಜ್ಯದ ಹೊಳೆಗಳಲ್ಲಿ ಟ್ರೌಟ್ ಮೀನು ಹಿಡಿಯುವ ಹುಚ್ಚಿದ್ದ ಈ ಮನುಷ್ಯ ಅದೇ ಲೆಕ್ಕವನ್ನು ಮನೆಗೆ ತಂದು ಬಿದಿರಿನ ಗಾಳದ ಕೋಲಿಗೆ ಹಾಕಿದರು. ಅಲ್ಲಿಯವರೆಗೆ ಕೋಲು ಮಾಡುವವರು ಕೈಯಂದಾಜು, ಅನುಭವ, ಅಪ್ಪನಿಂದ ಬಂದ ಅಳತೆ ಇವನ್ನು ನಂಬಿದ್ದರು. ಗ್ಯಾರಿಸನ್ ಕಾಗದದ ಮೇಲೆ ಗೆರೆ ಎಳೆದರು. ಕೋಲಿನ ತುದಿಯಿಂದ ಬುಡದವರೆಗೆ ಐದೈದು ಇಂಚಿಗೆ ಒಂದು ಗುರುತು. ಆ ಗುರುತಿನಿಂದ ಆಚೆಗಿರುವ ಬಿದಿರಿನ ತೂಕವೆಷ್ಟು, ವಾರ್ನಿಷಿನ ತೂಕವೆಷ್ಟು, ದಾರ ಹಾಯುವ ತಂತಿ ಕೊಂಡಿಗಳ ತೂಕವೆಷ್ಟು, ಗಾಳಿಯಲ್ಲಿ ಹಾರುವ ದಾರದ ತೂಕವೆಷ್ಟು ಎಂದು ಕೂಡಿಸಿ, ಅಷ್ಟು ಭಾರಕ್ಕೆ ಕೋಲು ಅಲ್ಲಿ ಎಷ್ಟು ದಪ್ಪ ಇರಬೇಕೆಂದು ಇಂಚಿನ ಸಾವಿರದಲ್ಲೊಂದು ಭಾಗದ ನಿಖರತೆಯಲ್ಲಿ ತೀರ್ಮಾನಿಸಿದರು. ಆಮೇಲೆ ಹತ್ತರಿ ಹಿಡಿದು, ಆ ಅಳತೆ ಬರುವ ತನಕ ಕೈಯಿಂದಲೇ ಕೀಸಿದರು.

ಅಮೆರಿಕದಲ್ಲಿ, ಯುರೋಪಿನಲ್ಲಿ, ಜಪಾನಿನಲ್ಲಿ ಇಂದು ತಮ್ಮ ಗ್ಯಾರೇಜಿನಲ್ಲೋ ನೆಲಮಾಳಿಗೆಯಲ್ಲೋ ಕುಳಿತು ಹವ್ಯಾಸಕ್ಕೆಂದು ಬಿದಿರಿನ ಕೋಲು ಮಾಡುವವರಿದ್ದಾರೆ. ಅವರಲ್ಲಿ ಹೆಚ್ಚಿನವರು ಗ್ಯಾರಿಸನ್ ಅವರ ಮುಖ ನೋಡಿದವರಲ್ಲ. ಆದರೂ ಅವರೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಆ ಎಂಜಿನಿಯರಿನ ಶಿಷ್ಯರು. ಹವ್ಯಾಸವೊಂದು ಹೀಗೆ ಒಬ್ಬ ವ್ಯಕ್ತಿಯ ಉದಾರತೆಯಿಂದ ಬದುಕಿಕೊಂಡ ಕಥೆ ನನಗೆ ಬೇರೆ ಕಡೆ ಸಿಕ್ಕಿದ್ದು ಕಡಿಮೆ.

ಮೊದಲು ಈ ಕೋಲು ಎಂಥದೆಂದು ಹೇಳಬೇಕು. ನಮ್ಮ ಕೆರೆ ಏರಿಯ ಮೇಲೆ ಹುಡುಗರು ಹಿಡಿದು ಕೂರುವುದು ಇಡೀ ಬಿದಿರು. ಫ್ಲೈ ಫಿಶಿಂಗಿನ ಕೋಲು ಹಾಗಲ್ಲ. ಅಲ್ಲಿ ಗಾಳಕ್ಕೆ ಎರೆಹುಳು ಇಲ್ಲ. ಗರಿ, ರೇಷ್ಮೆ ಎಳೆ, ಪ್ರಾಣಿಯ ಕೂದಲು ಸುತ್ತಿ ಮಾಡಿದ ಕೃತಕ ಹುಳು ಇರುತ್ತದೆ. ಅದಕ್ಕೆ ತೂಕವೇ ಇಲ್ಲದ್ದರಿಂದ ಎಸೆಯಲು ಬರುವುದಿಲ್ಲ. ಎಸೆಯಬೇಕಾದದ್ದು ದಾರವನ್ನು. ಕೋಲು ಹಿಂದಕ್ಕೆ ಬಾಗಿ, ಬಾಗಿದ್ದರಲ್ಲಿ ಶಕ್ತಿ ಕೂಡಿಸಿಕೊಂಡು, ಮುಂದಕ್ಕೆ ಚಿಮ್ಮಿ ದಾರವನ್ನು ಬಿಚ್ಚಿ ಹಾಸಬೇಕು. ಎಲ್ಲೂ ಸೊಟ್ಟಗಾಗದೆ, ಎಲ್ಲ ದಿಕ್ಕಿಗೂ ಒಂದೇ ರೀತಿ ಬಾಗುವ ಕೋಲು ಬೇಕು.

ಬಿದಿರಿನ ಬಲವೆಲ್ಲ ಸಿಪ್ಪೆಯ ಹತ್ತಿರ. ಒಳಗೆ ಹೋದಂತೆ ನಾರು ವಿರಳವಾಗಿ, ತಿರುಳು ಹೆಚ್ಚುತ್ತದೆ. ಬಾಗುವ ಯಾವ ವಸ್ತುವಿಗೂ ಹೆಚ್ಚು ಎಳೆತ ಬೀಳುವುದು ಹೊರಮೈಯಲ್ಲಿ. ಹಾಗಾಗಿ ಬಿದಿರನ್ನು ಸೀಳಿ, ತಿರುಳನ್ನು ತೆಗೆದುಹಾಕಿ, ಸಿಪ್ಪೆಯ ಕಡೆಯ ನಾರನ್ನಷ್ಟೇ ಉಳಿಸಿ ಆರು ತ್ರಿಕೋನದ ದಬ್ಬೆಗಳನ್ನು ಮಾಡುತ್ತಾರೆ. ಆರನ್ನೂ ಸಿಪ್ಪೆ ಹೊರಗೆ ಬರುವಂತೆ ಜೋಡಿಸಿ ಅಂಟಿಸಿದರೆ ಆರು ಮುಖದ ಗಟ್ಟಿ ಕೋಲು. ಬುಡದಲ್ಲಿ ಹೆಬ್ಬೆರಳಿಗಿಂತ ತೆಳುವಾಗಿ ಶುರುವಾಗುವ ಇದು ತುದಿಯಲ್ಲಿ ಊದಿನಕಡ್ಡಿಯೊಳಗಿನ ಕಡ್ಡಿಯಷ್ಟೇ ಇರುತ್ತದೆ. ಅಷ್ಟರೊಳಗೂ ಆರು ದಬ್ಬೆಗಳಿವೆ, ಒಂದೊಂದರ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ!

ಇತಿಹಾಸವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಪೆನ್ಸಿಲ್ವೇನಿಯದ ಈಸ್ಟನ್ ಊರಿನ ಸ್ಯಾಮ್ಯುಯೆಲ್ ಫಿಲಿಪಿ ಬಂದೂಕು ಮಾಡುತ್ತಿದ್ದವರು, ಪಿಟೀಲನ್ನೂ ಮಾಡುತ್ತಿದ್ದವರು. 1840ರ ದಶಕದಲ್ಲಿ ಸೀಳುಬಿದಿರಿನ ಕೋಲಿನ ಪ್ರಯೋಗ ಅಮೆರಿಕದಲ್ಲಿ ಅವರಿಂದ ಶುರುವಾಯಿತೆನ್ನುತ್ತಾರೆ. 1870ರ ದಶಕದಲ್ಲಿ ಮೇನ್ ರಾಜ್ಯದ ಬ್ಯಾಂಗರಿನ ಹಿರಮ್ ಲೆನರ್ಡ್ ದಬ್ಬೆಯ ಅಂಚು ಕತ್ತರಿಸುವ ಯಂತ್ರ ಮಾಡಿಕೊಂಡು ಇದನ್ನು ಉದ್ಯಮವಾಗಿಸಿದರು. ಆ ಯಂತ್ರವಿದ್ದ ಕೋಣೆಗೆ ಬೀಗ. ಕೆಲಸಗಾರರಿಗೂ ಒಳಗೆ ಪ್ರವೇಶವಿರಲಿಲ್ಲವಂತೆ. ಲೆನರ್ಡ್ ಬಳಿ ಪಳಗಿದ ಪೇನ್, ಎಡ್ವರ್ಡ್ಸ್, ಥಾಮಸ್, ಹಾಸ್ ಮುಂದೆ ತಂತಮ್ಮ ಹೆಸರಿನಲ್ಲಿ ಕೋಲು ಮಾಡಿ ಪ್ರಸಿದ್ಧರಾದರು. ಬೀಗದ ಸಂಪ್ರದಾಯವೂ ಅವರೊಂದಿಗೆ ಮುಂದುವರಿಯಿತು. ಅಳತೆ ಮನೆಯ ಗುಟ್ಟು, ಅಂಟು ಮನೆಯ ಗುಟ್ಟು, ವಾರ್ನಿಷ್ ಬೆರೆಸುವ ಪ್ರಮಾಣವಂತೂ ಇನ್ನೂ ದೊಡ್ಡ ಗುಟ್ಟು.

ಆರಂಭದ ಆ ಕೋಲುಗಳಿಗೆ ಬಿದಿರು ಹೋಗುತ್ತಿದ್ದದ್ದು ನಮ್ಮ ದೇಶದಿಂದ. ಕಲ್ಕತ್ತೆಯ ಬಂದರಿನಿಂದ ಹಡಗೇರುತ್ತಿದ್ದ ಅದನ್ನು ಅಲ್ಲಿಯವರು ಕಲ್ಕತ್ತಾ ಕೇನ್ ಎಂದೇ ಕರೆದರು. ಲಾಠಿಗೆ, ಈಟಿಯ ಹಿಡಿಗೆ ಹೆಸರಾದ ಗಂಡು ಬಿದಿರು ಅದು. ಕರ್ನಾಟಕದ ಒಣ ಕಾಡುಗಳಲ್ಲೂ ಅದೇ ಜಾತಿ ಬೆಳೆಯುತ್ತದೆ. ಇಪ್ಪತ್ತನೆಯ ಶತಮಾನ ಕಣ್ಣುಬಿಡುವ ಹೊತ್ತಿಗೆ ಚೀನಾದ ಬಿದಿರು ಅದರ ಜಾಗ ಹಿಡಿಯಿತು. ಟೊಂಕಿನ್ ಕೇನ್ ಎಂದು ಪ್ರಸಿದ್ಧವಾದ ಅದರ ನಿಜವಾದ ತವರು ಗುವಾಂಗ್‌ಡಾಂಗ್ ಪ್ರಾಂತ್ಯದ ಗುಡ್ಡಗಳು. ನೆಟ್ಟಗೆ ಬೆಳೆಯುವ, ಗಿಣ್ಣು ಹೆಚ್ಚು ಉಬ್ಬದ, ನಾರು ಒತ್ತಾಗಿರುವ ಬಿದಿರು. ಕ್ಯಾಂಟನ್ನಿನಲ್ಲಿ ಪಾಠ ಹೇಳುತ್ತಿದ್ದ ಅಮೆರಿಕನ್ ಸಸ್ಯವಿಜ್ಞಾನಿ ಫ್ಲಾಯ್ಡ್ ಮೆಕ್ಲೂರ್ 1931ರಲ್ಲಿ ಅದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟರು. ಕೊರಿಯಾ ಯುದ್ಧದ ಕಾಲಕ್ಕೆ, 1950ರಲ್ಲಿ, ಅಮೆರಿಕ ಚೀನಾದೊಂದಿಗಿನ ವ್ಯಾಪಾರ ನಿಲ್ಲಿಸಿತು. ಇಪ್ಪತ್ತು ವರ್ಷ ಹೊಸ ಬಿದಿರು ಬರಲಿಲ್ಲ. ಅದೇ ವೇಳೆಗೆ ಫೈಬರ್‌ಗ್ಲಾಸ್ ಕೋಲುಗಳು ಅಗ್ಗದ ಬೆಲೆಗೆ ಅಂಗಡಿ ತುಂಬಿದವು. 1971ರಲ್ಲಿ ನಿರ್ಬಂಧ ತೆಗೆದು ಬಿದಿರು ಮತ್ತೆ ಬರುವಷ್ಟರಲ್ಲಿ ಗ್ರ್ಯಾಫೈಟ್ ಕಾಲಿಡುತ್ತಿತ್ತು. ದೊಡ್ಡ ದೊಡ್ಡ ಕಾರ್ಯಾಗಾರಗಳು ಒಂದೊಂದಾಗಿ ಮುಚ್ಚಿದವು. ಗುಟ್ಟು ಬಲ್ಲವರು ವಯಸ್ಸಾಗಿ ತೀರಿಕೊಂಡರು. ಬೀಗ ಹಾಕಿಟ್ಟ ವಿದ್ಯೆ ಕೋಣೆಯಲ್ಲೇ ಉಳಿದುಬಿಡುವ ಹಾಗಿತ್ತು.

ಗ್ಯಾರಿಸನ್ ಮುಖ್ಯವಾಗುವುದು ಇಲ್ಲಿ. ಅವರು ಈ ಕೆಲಸ ಕಲಿತದ್ದು ಯಾಂಕರ್ಸ್ ಊರಿನ ವೈದ್ಯ ಜಾರ್ಜ್ ಪಾರ್ಕರ್ ಹೋಲ್ಡನ್ ಅವರಿಂದ. ಹೋಲ್ಡನ್ ಕೂಡ ಹವ್ಯಾಸಿಯೇ. 1920ರಲ್ಲಿ ಸೀಳುಬಿದಿರಿನ ಕೋಲಿನ ಬಗ್ಗೆ ಪುಸ್ತಕ ಬರೆದವರು. ವೈದ್ಯರಿಂದ ಎಂಜಿನಿಯರಿಗೆ ಬಂದ ವಿದ್ಯೆ ಎಂಜಿನಿಯರಿನಿಂದ ಒಬ್ಬ ಟೆಲಿವಿಷನ್ ನಿರ್ಮಾಪಕರಿಗೆ ಹೋಯಿತು. ಅವರ ಹೆಸರು ಹೋಗಿ ಕಾರ್ಮೈಕಲ್. 'ಸ್ಟಾರ್‌ಡಸ್ಟ್' ಹಾಡಿನ ಸಂಗೀತ ಕೊಟ್ಟ ಅದೇ ಹೆಸರಿನ ಪ್ರಸಿದ್ಧ ಸಂಗೀತಗಾರರ ಮಗ. ಮುದುಕರಾಗಿದ್ದ ಗ್ಯಾರಿಸನ್ ಕೆಲಸ ಮಾಡುವುದನ್ನು ಕಾರ್ಮೈಕಲ್ ಮೊದಲು ಚಿತ್ರೀಕರಿಸಿದರು. ಚಿತ್ರದಲ್ಲಿ ಹಿಡಿಸದಷ್ಟು ವಿಷಯವಿತ್ತು. ಬರೆದಿಡೋಣವೆಂದು ಇಬ್ಬರೂ ಕೂತರು. ಯಾವ ಉಪಕರಣ, ಯಾವ ಕೋನ, ಎಷ್ಟು ಶಾಖ, ಎಷ್ಟು ಹೊತ್ತು, ಯಾವ ಮಾದರಿಗೆ ಯಾವ ಅಳತೆ ಎಂಬುದೆಲ್ಲ ಒಂದೊಂದಾಗಿ ಕಾಗದಕ್ಕೆ ಇಳಿಯಿತು. ಪುಸ್ತಕ ಮುಗಿಯುವ ಮುನ್ನವೇ, 1975ರಲ್ಲಿ, ಗ್ಯಾರಿಸನ್ ತೀರಿಕೊಂಡರು. ಕಾರ್ಮೈಕಲ್ ಬಿಡದೆ ಅದನ್ನು ಮುಗಿಸಿ 1977ರಲ್ಲಿ ಪ್ರಕಟಿಸಿದರು. ತಾವೂ ಗುರುವಿನ ಅಳತೆಗಳಲ್ಲೇ ಕೋಲು ಮಾಡುತ್ತಾ ಬಂದರು.

ಆ ಪುಸ್ತಕದಲ್ಲಿ ಲೆಕ್ಕವೂ ಇದೆ, ಉಪಕರಣ ಮಾಡಿಕೊಳ್ಳುವ ನಕ್ಷೆಯೂ ಇದೆ. ಒಬ್ಬ ಕುಶಲಕರ್ಮಿ ತನ್ನ ಕೆಲಸದ ಗುಟ್ಟನ್ನು ಹೀಗೆ ಪೂರ್ತಿಯಾಗಿ ಊರಿಗೆ ಹಂಚಿದ್ದು ಸಣ್ಣ ಮಾತಲ್ಲ. ಬೀಗದ ಕೋಣೆಗಳಿಂದ ಬಂದ ಕೋಲುಗಳು ಇವತ್ತು ಹರಾಜಿನಲ್ಲಿವೆ, ಸಂಗ್ರಹಕಾರರ ಗಾಜಿನ ಕಪಾಟಿನಲ್ಲಿವೆ. ಹೊಸ ಕೋಲು ಹೆಚ್ಚಾಗಿ ಹುಟ್ಟುತ್ತಿರುವುದು ಪುಸ್ತಕ ಓದಿ ಕಲಿತ ಹವ್ಯಾಸಿಗಳ ಕೈಯಲ್ಲಿ.

ಅಂಥ ಒಬ್ಬರ ನೆಲಮಾಳಿಗೆಯನ್ನು ನಾನು ನೋಡಿದ್ದೇನೆ. ನಿವೃತ್ತ ಶಿಕ್ಷಕರು. ಒಂದು ಮೂಲೆಯಲ್ಲಿ ಬಟ್ಟೆ ಒಗೆಯುವ ಯಂತ್ರ, ಇನ್ನೊಂದು ಮೂಲೆಯಲ್ಲಿ ಗೋಡೆಗೆ ಒರಗಿಸಿಟ್ಟ ಹನ್ನೆರಡು ಅಡಿಯ ಬಿದಿರುಗಳು. ನಡುವಿನ ಮೇಜಿನ ಮೇಲೆ ಪ್ಲೇನಿಂಗ್ ಫಾರ್ಮ್ ಎಂಬ ಸಾಧನ. ಉದ್ದನೆಯ ಎರಡು ಉಕ್ಕಿನ ಪಟ್ಟಿಗಳು ಅಕ್ಕಪಕ್ಕ ಕೂತಿವೆ, ಅವು ಸೇರುವ ಕಡೆ ಅರವತ್ತು ಡಿಗ್ರಿಯ ಹಳ್ಳ. ಐದು ಇಂಚಿಗೊಂದರಂತೆ ಇರುವ ತಿರುಪುಗಳನ್ನು ತಿರುಗಿಸಿ ಹಳ್ಳದ ಆಳ ಹೆಚ್ಚು ಕಡಿಮೆ ಮಾಡಬಹುದು. ದಬ್ಬೆಯನ್ನು ಹಳ್ಳದಲ್ಲಿಟ್ಟು, ಹತ್ತರಿ ಉಕ್ಕನ್ನು ಮುಟ್ಟುವ ತನಕ ಕೀಸಿದರೆ ದಬ್ಬೆಗೆ ಹಳ್ಳದ ಅಳತೆಯೇ ಬರುತ್ತದೆ.

ಹೇಳಲು ಸುಲಭ. ಬಿದಿರಿನಲ್ಲಿ ಸಿಲಿಕಾ ಅಂಶ ಇರುವುದರಿಂದ ಹತ್ತರಿಯ ಅಲಗು ಬೇಗ ಮೊಂಡಾಗುತ್ತದೆ. ಅವರು ಒಂದು ದಬ್ಬೆ ಕೀಸಿ, ಅಲಗು ಬಿಚ್ಚಿ ಸಾಣೆಕಲ್ಲಿಗೆ ಹಚ್ಚಿ, ಮತ್ತೆ ಜೋಡಿಸುತ್ತಿದ್ದರು. ಎರಡು ಪಕ್ಕಗಳನ್ನು ಮಾತ್ರ ಕೀಸಬೇಕು. ಸಿಪ್ಪೆಯ ಮೇಲೆ ಹತ್ತರಿ ಸೋಕಿತೋ, ಕೋಲಿನ ಜೀವ ಹೋಯಿತು. ಹೊಳಪಿನ ಪದರವನ್ನಷ್ಟೇ ಹಗುರಾಗಿ ಕೆರೆದು ತೆಗೆಯಬಹುದು. ತುದಿಯ ದಬ್ಬೆ ಕೊನೆಗೆ ಬಂದಾಗ ಅವರ ಮಾತು ನಿಂತಿತು. ಹತ್ತರಿಯ ಬಾಯಿಂದ ಬರುತ್ತಿದ್ದ ಹೊಟ್ಟಿನ ಮೂಲಕ ಆಚೆಯ ದೀಪದ ಬೆಳಕು ಕಾಣುತ್ತಿತ್ತು. ಗುರುತು ಗುರುತಿಗೂ ಕ್ಯಾಲಿಪರ್ ಹಿಡಿದು ನೋಡಿ ಪೆನ್ಸಿಲಿನಲ್ಲಿ ಬರೆದುಕೊಂಡರು. ಬೆರಳಲ್ಲಿ ಎತ್ತಿ ನನ್ನ ಕೈಗಿಟ್ಟರು. ತೂಕವೇ ತಿಳಿಯಲಿಲ್ಲ. ಬಾಗಿಸಿ ಬಿಟ್ಟರೆ ಠಣ್ಣನೆ ನೆಟ್ಟಗಾಯಿತು.

ಕೀಸುವುದಕ್ಕೆ ಮುಂಚೆ ಮಾಡುವ ಕೆಲಸವೇ ಬೇಕಾದಷ್ಟಿದೆ. ಬಿದಿರು ಸೀಳುವುದು, ಗಿಣ್ಣುಗಳನ್ನು ಅರದಿಂದ ಉಜ್ಜಿ ಬಿಸಿ ಮಾಡಿ ಒತ್ತಿ ನೇರ ಮಾಡುವುದು, ಒಂದರ ಗಿಣ್ಣು ಇನ್ನೊಂದರ ಪಕ್ಕಕ್ಕೆ ಬಾರದಂತೆ ದಬ್ಬೆಗಳನ್ನು ಹಿಂದೆ ಮುಂದೆ ಸರಿಸಿ ಹೊಂದಿಸುವುದು, ಒಲೆಯಲ್ಲಿ ಹದವಾಗಿ ಸುಟ್ಟು ತೇವ ತೆಗೆಯುವುದು. ಕೀಸಿದ ಮೇಲೆ ಅಂಟು ಹಚ್ಚಿ ಆರನ್ನೂ ಸೇರಿಸಿ ನೂಲಿನಿಂದ ಬಿಗಿಯಾಗಿ ಸುತ್ತುತ್ತಾರೆ. ತುಂಡುಗಳನ್ನು ಜೋಡಿಸಲು ನಿಕಲ್ ಸಿಲ್ವರಿನ ಕೊಳವೆ, ಹಿಡಿಗೆ ಕಾರ್ಕ್ ಬಿಲ್ಲೆಗಳು, ಕೊಂಡಿಗಳನ್ನು ಕಟ್ಟಲು ರೇಷ್ಮೆ ದಾರ. ಗ್ಯಾರಿಸನ್ ಬಿಳಿ ರೇಷ್ಮೆ ಬಳಸುತ್ತಿದ್ದರು. ವಾರ್ನಿಷ್ ಹೀರಿದ ಮೇಲೆ ಅದು ಕಣ್ಣಿಗೆ ಕಾಣುವುದಿಲ್ಲ, ಕೆಳಗಿನ ಬಿದಿರಷ್ಟೇ ಕಾಣುತ್ತದೆ. ನಲವತ್ತು ಗಂಟೆಗೆ ಒಂದು ಕೋಲು ಮುಗಿದರೆ ಕೈ ಪಳಗಿದೆ ಎಂದೇ ಲೆಕ್ಕ. ಇಷ್ಟು ಸಹನೆ ಇಲ್ಲದವರು ಕಾರ್ಖಾನೆಯ ಬರಿ ಗ್ರ್ಯಾಫೈಟ್ ಕೋಲು ಕೊಂಡು, ಹಿಡಿ, ಕೊಂಡಿಗಳನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಈ ಹವ್ಯಾಸಕ್ಕೆ ಹೆಚ್ಚಿನವರು ಬರುವುದು ಆ ಬಾಗಿಲಿಂದಲೇ.

ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್‌ಕಿಲ್ ಬೆಟ್ಟಗಳ ನಡುವೆ, ವಿಲ್ಲೋವೀಮಾಕ್ ಹೊಳೆಯ ದಡದ ಲಿವಿಂಗ್‌ಸ್ಟನ್ ಮ್ಯಾನರ್ ಎಂಬಲ್ಲಿ ಫ್ಲೈ ಫಿಶಿಂಗಿಗೆಂದೇ ಒಂದು ಮ್ಯೂಸಿಯಂ ಇದೆ. ಹಳೆಯ ಕಾರ್ಯಾಗಾರಗಳ ಉಪಕರಣಗಳನ್ನು ಅಲ್ಲಿ ಜೋಪಾನ ಮಾಡಿದ್ದಾರೆ. ಹವ್ಯಾಸಿಗಳು ಆ ಬೆಟ್ಟಗಳಲ್ಲಿ ಸೇರಿ, ತಾವು ಮಾಡಿದ ಕೋಲನ್ನು ಪರರ ಕೈಗೆ ಕೊಟ್ಟು ಎಸೆದು ನೋಡಿ ಎನ್ನುತ್ತಾರೆ, ಅಳತೆಯನ್ನೂ ಬರೆದುಕೊಡುತ್ತಾರೆ. ಮಾರಿ ಬದುಕುವವರು ಕೆಲವರಷ್ಟೇ. ತಲೆ ನರೆತವರೇ ಹೆಚ್ಚು. ಹೊಸಬರು ಬರುತ್ತಾರೆ, ಆದರೆ ಮೊದಲ ಕೋಲು ಮುಗಿಸುವ ತನಕ ಉಳಿಯುವವರು ಕಡಿಮೆ.

ಈ ವಿದ್ಯೆಯೊಂದಿಗೆ ನಮಗೂ ಹಳೆಯ ನಂಟಿದೆ. ಹಿಂದೂಸ್ತಾನದ ಮೀನುಬೇಟೆಯ ಬಗ್ಗೆ ಬಂದ ಪ್ರಸಿದ್ಧ ಇಂಗ್ಲಿಷ್ ಪುಸ್ತಕ 'ದ ರಾಡ್ ಇನ್ ಇಂಡಿಯಾ' ಅಚ್ಚಾದದ್ದು ಮಂಗಳೂರಿನಲ್ಲಿ, 1873ರಲ್ಲಿ. ಬರೆದವರು ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್. ನಮ್ಮ ಹೊಳೆಗಳ ಮಹಶೀರ್ ಮೀನನ್ನು ಅವರು ಬಾಯ್ತುಂಬ ಹೊಗಳಿದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಎಂಬವರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತು. ಈಗ ಕಾವೇರಿಯ ಗೂನುಬೆನ್ನಿನ ಮಹಶೀರ್ ಅಳಿವಿನ ಅಂಚಿಗೆ ಬಂದಿದೆ. 2018ರಲ್ಲಿ ಅದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಕೋಲು ಹಿಡಿದು ನದಿಗೆ ಹೋಗುವ ಮಾತನ್ನು ಇಲ್ಲಿ ಆಡಲು ನನಗೆ ಮನಸ್ಸಿಲ್ಲ.

ಆದರೆ ಬಿದಿರು ಇದೆ. ಅದನ್ನು ಬಲ್ಲ ಕೈಗಳೂ ಇನ್ನೂ ಇವೆ. ನಮ್ಮ ಮೇದರಿಗೆ ಬಿದಿರಿನ ಬುಡ ನೋಡಿದರೆ ಅದರ ವಯಸ್ಸು ತಿಳಿಯುತ್ತದೆ, ಕತ್ತಿಯ ಮೊದಲ ಏಟಿಗೆ ಸೀಳು ಯಾವ ಕಡೆ ಓಡುತ್ತದೆಂದು ಗೊತ್ತಾಗುತ್ತದೆ. ಯಾವ ಪಕ್ಷದಲ್ಲಿ ಕಡಿದರೆ ಕುಟ್ಟೆಹುಳು ಹಿಡಿಯುವುದಿಲ್ಲ, ಎಷ್ಟು ದಿನ ನೀರಲ್ಲಿ ಮುಳುಗಿಸಿಡಬೇಕು, ಯಾವ ದಬ್ಬೆ ಮೊರಕ್ಕೆ, ಯಾವುದು ಬುಟ್ಟಿಯ ಕಂಠಕ್ಕೆ ಎಂಬುದೆಲ್ಲ ಅವರ ಬಾಯಲ್ಲಿದೆ. ಪ್ಲಾಸ್ಟಿಕ್ ಮೊರ ಬಂದ ಮೇಲೆ ಅವರ ಮಕ್ಕಳು ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಿದ್ದಾರೆ. ಯಾರಾದರೂ ಒಬ್ಬರು ಕ್ಯಾಮೆರಾ, ಅಳತೆಪಟ್ಟಿ, ಒಂದು ನೋಟ್‌ಬುಕ್ ತೆಗೆದುಕೊಂಡು ಆ ಹಿರಿಯರ ಜಗುಲಿಯಲ್ಲಿ ಒಂದೆರಡು ವರ್ಷ ಕೂರಬೇಕಿತ್ತು. ಗ್ಯಾರಿಸನ್ ಅವರನ್ನು ಕೇಳಿದಂತೆ ಇವರನ್ನೂ ಕೇಳಿ, ಒಂದೊಂದೇ ಬರೆದುಕೊಳ್ಳಬೇಕಿತ್ತು.